ಎಲೆ ಉದುರುವ ಕಾಲದಲ್ಲಿ ಕೆರೆಯಂಚಿನ ಗುಡ್ಡ: ಗೆಳೆಯರ ಜೊತೆ ಒಂದು ದಿನದ ನಡಿಗೆ ಹೀಗೆ ಮಾಡಿ

ಮೊದಲು ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ ಎಂದು ನೋಡಿಕೊಳ್ಳಿ. ಯಾವ ಗುಡ್ಡ, ಯಾರ್ಯಾರು ಬರುತ್ತಾರೆ, ಬುತ್ತಿ ಯಾರು ತರುತ್ತಾರೆ, ಇವೆಲ್ಲ ಆಮೇಲಿನ ಮಾತು. ಶರತ್ಕಾಲದ ಕೊನೆ ಅಂದರೆ ಉತ್ತರ ಗೋಳಾರ್ಧದಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ತನಕ, ದಕ್ಷಿಣ ಗೋಳಾರ್ಧದಲ್ಲಿ ಏಪ್ರಿಲ್ ಕೊನೆಯಿಂದ ಮೇ ತನಕ. ಈ ವಾರಗಳಲ್ಲಿ ಹಗಲು ದಿನದಿಂದ ದಿನಕ್ಕೆ ಕುಗ್ಗುತ್ತಿರುತ್ತದೆ. ಸಮಭಾಜಕದಿಂದ ದೂರವಿರುವ ಜಾಗಗಳಲ್ಲಿ ಸೂರ್ಯಾಸ್ತ ದಿನಕ್ಕೆ ಒಂದೆರಡು ನಿಮಿಷ ಹಿಂದಕ್ಕೆ ಸರಿಯುತ್ತದೆ. ಎರಡು ವಾರ ಮುಂದೂಡಿದ ನಡಿಗೆಗೆ ಹಳೆಯ ಲೆಕ್ಕ ನಡೆಯುವುದಿಲ್ಲ. ಜೊತೆಗೆ ಕೆಲವು ದೇಶಗಳಲ್ಲಿ ಇದೇ ಹೊತ್ತಿಗೆ ಗಡಿಯಾರವನ್ನು ಒಂದು ಗಂಟೆ ಹಿಂದೆ ಇಡುತ್ತಾರೆ. ಹೋದ ಶನಿವಾರ ಐದೂಮುಕ್ಕಾಲಿಗೆ ಮುಳುಗಿದ ಸೂರ್ಯ ಈ ಭಾನುವಾರ ಐದಕ್ಕೂ ಮುಂಚೆಯೇ ಮುಳುಗಿಬಿಡುತ್ತಾನೆ.

ನಾನು ಗೆಳೆಯರನ್ನು ಕೂಡಿಸಿಕೊಂಡು ಗುಡ್ಡ ಹತ್ತುವುದು ಹೆಚ್ಚಾಗಿ ಈ ಕಾಲದಲ್ಲೇ. ಬೇಸಿಗೆಯ ನಡಿಗೆಗಿಂತ ಇದೇ ನನಗೆ ಇಷ್ಟ. ಏರು ಹತ್ತುವಾಗ ಮೈ ಬೇಯುವುದಿಲ್ಲ. ಹಾದಿಯಲ್ಲಿ ಜನ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲೆ ಉದುರಿದ ಮೇಲೆ ಕಾಡು ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನೆತ್ತಿ ತಲುಪುವ ತನಕ ಕಾಣದ ನೀರು ಈಗ ಅರ್ಧ ಗುಡ್ಡದಿಂದಲೇ ಕೊಂಬೆಗಳ ಸಂದಿಯಲ್ಲಿ ಕಾಣತೊಡಗುತ್ತದೆ.

ಈ ನಡಿಗೆ ಚೆನ್ನಾಗಿ ಆಗಬೇಕಾದರೆ ದಿನವನ್ನು ಎರಡು ಸಂಗತಿಗೆ ಹೊಂದಿಸಿ ಕಟ್ಟಬೇಕು. ಒಂದು, ಬೆಳಕು. ಇನ್ನೊಂದು, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವ ಗೆಳೆಯ ಅಥವಾ ಗೆಳತಿ. ಮುಂದೆ ಹೇಳುವುದೆಲ್ಲ ಈ ಎರಡರ ಸುತ್ತಲೇ ಇದೆ.

ಸಮಯವನ್ನು ಹಿಂದಿನಿಂದ ಎಣಿಸಿ

ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಇಂದಿಗೂ ನಡಿಗೆಯವರು ಅದನ್ನೇ ಹಿಡಿದು ಹೊರಡುತ್ತಾರೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದರೆ ಹಿಡಿಯುವ ಹೊತ್ತು. ಗೆಳೆಯರ ಗುಂಪು ಹಾಗೆ ನಡೆಯುವುದಿಲ್ಲ, ಅಲ್ವಾ? ಒಬ್ಬರು ಫೋಟೋ ತೆಗೆಯಬೇಕು, ಒಬ್ಬರಿಗೆ ಬೂಟಿನೊಳಗೆ ಕಲ್ಲು ಸೇರಿರುತ್ತದೆ, ಇಬ್ಬರು ಮಾತಿನ ನಡುವೆ ನಿಂತೇಬಿಟ್ಟಿರುತ್ತಾರೆ. ಹಾಗೆ ನಿಲ್ಲುವುದಕ್ಕೇ ನಾವು ಹೋಗುವುದು. ಅದಕ್ಕೆ ಜಾಗ ಲೆಕ್ಕದಲ್ಲೇ ಇರಬೇಕು.

ನಾನು ಮಾಡುವ ರೀತಿ ಇದು. ಹಾದಿ 10 ಕಿಲೋಮೀಟರ್, ಏರು 450 ಮೀಟರ್ ಎಂದಿಟ್ಟುಕೊಳ್ಳಿ. ನೇಸ್ಮಿತ್ ಲೆಕ್ಕದಲ್ಲಿ 2 ಗಂಟೆ ಮತ್ತು 45 ನಿಮಿಷ. ಅದಕ್ಕೆ ಅರ್ಧದಷ್ಟು ಸೇರಿಸಿದರೆ 4 ಗಂಟೆ ಚಿಲ್ಲರೆ. ಊಟಕ್ಕೆ, ನೆತ್ತಿಯಲ್ಲಿ ಕೂರುವುದಕ್ಕೆ, ನೀರಂಚಿನಲ್ಲಿ ಅಡ್ಡಾಡುವುದಕ್ಕೆ ಒಂದೂಕಾಲು ಗಂಟೆ. ಒಟ್ಟು ಐದೂವರೆ ಗಂಟೆ ಹತ್ತಿರ. ಸೂರ್ಯಾಸ್ತ 4:45ಕ್ಕೆ ಇದ್ದರೆ ನಾನು 4 ಗಂಟೆಗೆ ಹೊರಟ ಜಾಗಕ್ಕೆ ವಾಪಸ್ ಬರುವ ಹಾಗೆ ನೋಡಿಕೊಳ್ಳುತ್ತೇನೆ. ಅಂದರೆ ಮೊದಲ ಹೆಜ್ಜೆ 10:30ಕ್ಕೇ ಬೀಳಬೇಕು. ಎಲ್ಲರೂ ಸೇರುವುದು 10ಕ್ಕೆ. ಕಾಲುದಾರಿ ಶುರುವಾಗುವಲ್ಲಿ ಬೂಟು ಕಟ್ಟಿ, ಜಾಕೆಟ್ ಹುಡುಕಿ ಹೊರಡುವುದರೊಳಗೆ ಅರ್ಧ ಗಂಟೆ ಖಂಡಿತ ಹೋಗುತ್ತದೆ.

ಇಷ್ಟರಲ್ಲೇ ಇನ್ನೊಂದು ಸಮಯವನ್ನೂ ಗೊತ್ತು ಮಾಡಿ: ತಿರುಗುವ ಹೊತ್ತು. ಈ ಉದಾಹರಣೆಯಲ್ಲಿ ಅದು ಮಧ್ಯಾಹ್ನ 1:30. ಆ ಹೊತ್ತಿಗೆ ನೆತ್ತಿ ಸಿಗದಿದ್ದರೂ ಅಲ್ಲಿಂದಲೇ ಇಳಿಯುವುದು. ಇದನ್ನು ಹೊರಡುವ ಮುಂಚೆಯೇ ಎಲ್ಲರ ಎದುರು ಜೋರಾಗಿ ಹೇಳಿ. ಗುಡ್ಡದ ಮೇಲೆ, ನೆತ್ತಿ ಕಣ್ಣಿಗೆ ಕಾಣುತ್ತಿರುವಾಗ ಈ ಮಾತು ಎತ್ತಿದರೆ ಯಾರಿಗೂ ಒಪ್ಪಿಗೆಯಾಗುವುದಿಲ್ಲ. ಕೆಳಗೆ ಒಪ್ಪಿಕೊಂಡು ಬಂದಿದ್ದರೆ ವಾದವೇ ಇರುವುದಿಲ್ಲ.

ಕ್ಯಾಲೆಂಡರಿನ ಸೂರ್ಯಾಸ್ತವನ್ನು ಪೂರ್ತಿ ನಂಬಬೇಡಿ. ಅದು ಬಯಲಿನ ಲೆಕ್ಕ. ಪಶ್ಚಿಮಕ್ಕೆ ಗುಡ್ಡವಿದ್ದರೆ ಕೆರೆಯ ದಂಡೆಗೆ ನೆರಳು ಒಂದು ಗಂಟೆ ಮುಂಚೆಯೇ ಬರಬಹುದು. ನೆರಳು ಬಂದ ಕೂಡಲೇ ಚಳಿ ಏರುತ್ತದೆ. ಹಾದಿಯಲ್ಲಿ ಇರುವಾಗ ಅಂದಾಜು ಬೇಕಾದರೆ ಕೈ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು, ಸೂರ್ಯನಿಗೂ ಗುಡ್ಡದ ಅಂಚಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ನೋಡಿ. ಒಂದು ಬೆರಳಿಗೆ ಸುಮಾರು ಕಾಲು ಗಂಟೆ. ಸೂರ್ಯನನ್ನೇ ದಿಟ್ಟಿಸಬೇಡಿ, ಬೆರಳಿನಿಂದ ಮರೆ ಮಾಡಿಕೊಂಡು ನೋಡಿ.

ಹಾದಿ ಆರಿಸುವಾಗ

ಕೆರೆ ಮತ್ತು ಗುಡ್ಡ ಎರಡೂ ಇರುವ ಸುತ್ತು ಹಾದಿ ಸಿಕ್ಕರೆ ಅದನ್ನೇ ಹಿಡಿಯಿರಿ. ಬೆಳಗ್ಗೆ ಗುಡ್ಡ, ಮಧ್ಯಾಹ್ನದ ಮೇಲೆ ಕೆರೆ. ಇದನ್ನು ನಾನು ಬದಲಾಯಿಸುವುದೇ ಇಲ್ಲ. ಕಷ್ಟದ ಭಾಗ ಬೆಳಕಿನಲ್ಲಿ, ಕಾಲು ಹೊಸದಾಗಿರುವಾಗ ಮುಗಿದುಹೋಗುತ್ತದೆ. ಸಂಜೆಗೆ ಉಳಿಯುವುದು ಸಮತಟ್ಟಾದ ದಂಡೆ ದಾರಿ. ಅಲ್ಲಿ ಒಂದು ಕಡೆ ಯಾವಾಗಲೂ ನೀರು ಇರುತ್ತದೆ, ದಿಕ್ಕು ತಪ್ಪುವುದು ಕಷ್ಟ. ಆಕಾಶದ ಬೆಳಕನ್ನು ನೀರು ಹಿಂದಕ್ಕೆ ಚೆಲ್ಲುವುದರಿಂದ ಕಾಡಿನೊಳಗೆ ಕತ್ತಲಾದ ಮೇಲೂ ದಂಡೆಯಲ್ಲಿ ಸ್ವಲ್ಪ ಹೊತ್ತು ಕಾಲಿನ ಕೆಳಗೆ ಕಾಣುತ್ತದೆ.

ನಕ್ಷೆಯಲ್ಲಿ ಸಮೋನ್ನತ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು ನೋಡಿ. ಅವು ಒತ್ತೊತ್ತಾಗಿರುವ ಕಡೆ ಹತ್ತಿ, ಬಿಡಿಬಿಡಿಯಾಗಿರುವ ಕಡೆ ಇಳಿಯುವುದು ಒಳ್ಳೆಯದು. ಒದ್ದೆ ಎಲೆಯ ಕಡಿದಾದ ಜಾಡನ್ನು ಹತ್ತುವುದು ಸುಲಭ, ಇಳಿಯುವುದು ಕಷ್ಟ. ಹಾಗೆಯೇ ಯಾವ ಮಗ್ಗುಲು ಸೂರ್ಯನ ಕಡೆಗಿದೆ ಎಂದು ಗಮನಿಸಿ. ಉತ್ತರ ಗೋಳಾರ್ಧದಲ್ಲಾದರೆ ಗುಡ್ಡದ ಉತ್ತರದ ಮಗ್ಗುಲಿನಲ್ಲಿ ರಾತ್ರಿ ಬಿದ್ದ ಹಿಮದ ಪೊರೆ ಮಧ್ಯಾಹ್ನವಾದರೂ ಕರಗದೆ ಉಳಿದಿರುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇದು ತಿರುಗುಮುರುಗು. ಇಳಿಜಾರು ಆ ಮಗ್ಗುಲಿನಲ್ಲಿ ಬರದ ಹಾಗೆ ಸುತ್ತಿನ ದಿಕ್ಕನ್ನು ಹೊಂದಿಸಿಕೊಳ್ಳಿ.

ಮಧ್ಯದಲ್ಲಿ ಎಲ್ಲಾದರೂ ಒಂದು ಒಳದಾರಿ ಇದೆಯೇ ನೋಡಿ. ಯಾರಿಗಾದರೂ ಮಂಡಿ ನೋವು ಬಂದರೆ ನೆತ್ತಿಗೆ ಹೋಗದೆ ಕೆರೆ ದಾರಿಗೆ ಸೇರಿಕೊಳ್ಳುವ ಹಾಗಿರಬೇಕು. ಅಂಥ ದಾರಿ ಇದ್ದರೆ ನಿಧಾನ ನಡೆಯುವವರು ಧೈರ್ಯವಾಗಿ ಬರುತ್ತಾರೆ. 'ನನ್ನಿಂದ ನಿಮಗೆಲ್ಲ ತೊಂದರೆ' ಎಂದು ಮನೆಯಲ್ಲೇ ಉಳಿಯುವುದಿಲ್ಲ. ನನಗೆ ಇದು ತುಂಬ ಮುಖ್ಯ. ಹಳೆಯ ಗೆಳೆಯರು ಒಬ್ಬೊಬ್ಬರಾಗಿ ನಡಿಗೆ ಬಿಡುವುದಕ್ಕೆ ಕಾರಣ ಎಷ್ಟೋ ಸಲ ಇಷ್ಟೇ: ಹಾದಿ ಆರಿಸುವಾಗ ಯಾರೂ ಅವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗುಂಪು ನಾಲ್ಕರಿಂದ ಆರು ಜನ ಇದ್ದರೆ ಸಾಕು. ನಾಲ್ಕು ಜನ ಇದ್ದರೆ, ಒಬ್ಬರಿಗೆ ಪೆಟ್ಟಾದಾಗ ಒಬ್ಬರು ಜೊತೆಗೆ ಕೂರಬಹುದು, ಇಬ್ಬರು ಸಹಾಯ ಕರೆತರಬಹುದು. ಯಾರೂ ಒಂಟಿಯಾಗುವುದಿಲ್ಲ. ಆರಕ್ಕಿಂತ ಜಾಸ್ತಿಯಾದರೆ ಹಾದಿಯಲ್ಲಿ ಗುಂಪು ತಾನಾಗಿ ಎರಡಾಗುತ್ತದೆ.

ಇನ್ನೊಂದು ವಿಚಾರ. ಎಷ್ಟೋ ಪ್ರದೇಶಗಳಲ್ಲಿ ಶರತ್ಕಾಲವೇ ಬೇಟೆಗೆ ಅನುಮತಿ ಇರುವ ಕಾಲ. ನೀವು ಹೋಗುವ ಕಡೆ ಹಾಗಿದೆಯೇ ಎಂದು ಮೊದಲೇ ವಿಚಾರಿಸಿ. ಇದ್ದರೆ ಎಲ್ಲರೂ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಟೊಪ್ಪಿಯನ್ನೋ ಜಾಕೆಟ್ಟನ್ನೋ ಹಾಕಿಕೊಳ್ಳಿ. ಕಂದು ಬಣ್ಣ ಬೇಡ.

ಮಂಜಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು

ಕೆರೆಯಂಚಿನ ಗುಡ್ಡಕ್ಕೆ ಈ ಕಾಲದಲ್ಲಿ ಹೋಗುವವರು ಮಂಜನ್ನು ಅರ್ಥ ಮಾಡಿಕೊಂಡಿರಬೇಕು. ಬೇಸಿಗೆಯ ಬಿಸಿಯನ್ನು ನೀರು ಬೇಗ ಬಿಟ್ಟುಕೊಡುವುದಿಲ್ಲ. ನೆಲ ತಣ್ಣಗಾದ ಎಷ್ಟೋ ವಾರಗಳ ತನಕ ಕೆರೆ ಇನ್ನೂ ಬೆಚ್ಚಗೇ ಇರುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಗುಡ್ಡದ ಮಗ್ಗುಲುಗಳು ಬೇಗ ತಣಿಯುತ್ತವೆ. ಅಲ್ಲಿನ ತಣ್ಣನೆಯ ಗಾಳಿ ಭಾರವಾಗಿ ಕೆಳಗೆ ಜಾರಿ ನೀರಿನ ಮೇಲೆ ಬಂದು ಕೂರುತ್ತದೆ. ನೀರಿನಿಂದ ಮೇಲೇಳುವ ಆವಿ ಆ ತಣ್ಣನೆ ಗಾಳಿಗೆ ತಾಗಿ ಹನಿಯಾಗುತ್ತದೆ. ಬೆಳಗ್ಗೆ ಕೆರೆ ಹೊಗೆಯಾಡುತ್ತಿರುವ ಹಾಗೆ ಕಾಣುವುದು ಇದರಿಂದಲೇ.

ಸಾಮಾನ್ಯವಾಗಿ ಮೇಲೆ ಹೋದಷ್ಟೂ ಚಳಿ ಜಾಸ್ತಿ. ಸರಾಸರಿ 1000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಅಂದರೆ ನಮ್ಮ 450 ಮೀಟರ್ ಗುಡ್ಡಕ್ಕೆ ಸುಮಾರು 3 ಡಿಗ್ರಿ. ಆದರೆ ಇಂಥ ಬೆಳಗ್ಗೆ ಲೆಕ್ಕ ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಕೆಳಗೆ ಕೂತಿರುತ್ತದೆ, ಬೆಚ್ಚನೆಯದು ಮೇಲೆ. ಕೆರೆಯ ಹತ್ತಿರ ಕೈ ಮರಗಟ್ಟುತ್ತಿರುವಾಗ ನೆತ್ತಿಯಲ್ಲಿ ಬಿಸಿಲಿರುತ್ತದೆ, ಕಾಲ ಕೆಳಗೆ ಮಂಜಿನ ಬಿಳಿ ಹಾಸು ಇರುತ್ತದೆ. ಇದನ್ನು ನೋಡಬೇಕಾದರೆ ಹವಾಮಾನ ವರದಿಯಲ್ಲಿ ಮೂರು ಮಾತು ಹುಡುಕಿ: ವಾಯುಭಾರ ಹೆಚ್ಚು, ರಾತ್ರಿ ಆಕಾಶ ಸ್ವಚ್ಛ, ಗಾಳಿ ಇಲ್ಲ. ಮೂರೂ ಕೂಡಿದ್ದರೆ ಆ ದಿನ ಎಲ್ಲರನ್ನೂ ಒಂದೆರಡು ಗಂಟೆ ಬೇಗ ಎಬ್ಬಿಸಿ. ಕೆಳಗೆ ಮಂಜು ಕಂಡು ಯಾರಾದರೂ 'ಇವತ್ತು ಏನೂ ಕಾಣಲ್ಲ ಬಿಡ್ರಪ್ಪ' ಅಂದರೆ ಕಿವಿಗೊಡಬೇಡಿ. ಅದೇ ಹೋಗಬೇಕಾದ ದಿನ.

ಆದರೆ ಮಂಜು ಕೆಳಗಿದೆಯೋ, ಗುಡ್ಡದ ಮೇಲೆ ಮೋಡವೇ ಕೂತಿದೆಯೋ ಎನ್ನುವುದನ್ನು ಬೇರೆ ಮಾಡಿ ನೋಡಬೇಕು. ಗಾಳಿ ಬೀಸುತ್ತಿದ್ದು, ಹತ್ತಿದಷ್ಟೂ ಒದ್ದೆ ಮತ್ತು ಚಳಿ ಜಾಸ್ತಿಯಾಗುತ್ತಿದ್ದರೆ ಅದು ಮೋಡ. ಮೇಲೆ ಹೋದರೆ ಬಿಸಿಲು ಸಿಗುವುದಿಲ್ಲ. ಅಂಥ ದಿನ ನೆತ್ತಿಯನ್ನು ಬಿಟ್ಟು ಕೆರೆಯ ಸುತ್ತ ನಡೆದು ಬನ್ನಿ. ಅದೂ ಒಳ್ಳೆಯ ನಡಿಗೆಯೇ.

ಹಾದಿಯ ಮಧ್ಯೆ ಮಂಜು ಮುಸುಕಿದರೆ ಗುಂಪನ್ನು ಹತ್ತಿರ ಸೇರಿಸಿ. ಪ್ರತಿಯೊಬ್ಬರಿಗೂ ಮುಂದಿನವರು ಕಾಣುತ್ತಿರಬೇಕು. ದಾರಿ ಅನುಮಾನವಾದರೆ ಕೊನೆಯ ಸಲ ಖಚಿತವಾಗಿ ಗೊತ್ತಿದ್ದ ಜಾಗಕ್ಕೆ ಹಿಂತಿರುಗಿ. 'ಕೆಳಗೆ ಇಳಿದರೆ ಹೇಗೂ ಕೆರೆ ಸಿಗುತ್ತದೆ' ಎಂದು ಸುಮ್ನೆ ಇಳಿಯತೊಡಗುವುದು ಅಪಾಯ. ಕೆರೆ ಸಿಗುವುದು ನಿಜ, ಆದರೆ ಅದಕ್ಕೂ ಮುಂಚೆ ಬಂಡೆಯ ಕಡಿದಾದ ಅಂಚೂ ಸಿಗಬಹುದು.

ಮೈಮೇಲೆ ಏನು, ಬ್ಯಾಗಿನಲ್ಲಿ ಏನು

ಹತ್ತಿ ಬಟ್ಟೆ ಬೇಡ. ಬೆವರನ್ನು ಹೀರಿಕೊಂಡು ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ, ನಿಂತ ಕೂಡಲೇ ಚಳಿ ಹಿಡಿಸುತ್ತದೆ. ಜೀನ್ಸ್ ಕೂಡ ಹತ್ತಿಯೇ. ಒಳಗೆ ಉಣ್ಣೆಯದೋ ಸಿಂಥೆಟಿಕ್‌ನದೋ ತೆಳು ಅಂಗಿ, ಅದರ ಮೇಲೆ ಬೆಚ್ಚಗಿನ ಒಂದು ಪದರ, ಎಲ್ಲಕ್ಕಿಂತ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ನೆತ್ತಿಯಲ್ಲಿ ಗಾಳಿ ಏನು ಮಾಡುತ್ತದೆ ಎನ್ನುವುದಕ್ಕೆ ಒಂದು ಅಂದಾಜು: 5 ಡಿಗ್ರಿ ಇರುವಾಗ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರೀ ಚರ್ಮಕ್ಕೆ ಅದು 0 ಡಿಗ್ರಿಯ ಹಾಗೆ ತಾಗುತ್ತದೆ.

ಹೊರಡುವಾಗ ಸ್ವಲ್ಪ ಚಳಿ ಅನ್ನಿಸುತ್ತಿರಬೇಕು. ಬೆಚ್ಚಗೆ ಹೊದ್ದು ಹೊರಟರೆ ಮೊದಲ ಏರಿನಲ್ಲೇ ಬೆವರು ಬರುತ್ತದೆ, ಆ ಬೆವರೇ ಆಮೇಲೆ ನೆತ್ತಿಯಲ್ಲಿ ನಡುಗಿಸುತ್ತದೆ. ಹತ್ತು ನಿಮಿಷ ನಡೆದ ಮೇಲೆ ಎಲ್ಲರೂ ನಿಂತು ಒಂದು ಪದರ ತೆಗೆಯಲಿ. ಒಬ್ಬರೇ ನಿಲ್ಲುವುದಕ್ಕೆ ಸಂಕೋಚ ಪಡುತ್ತಾರೆ. ಎಲ್ಲರೂ ನಿಂತರೆ ಸಂಕೋಚ ಇರುವುದಿಲ್ಲ. ಕೂತಾಗ ಇದರ ತಿರುಗುಮುರುಗು: ಕೂತ ಕೂಡಲೇ, ಚಳಿ ಆಗುವುದಕ್ಕೆ ಮುಂಚೆಯೇ, ತೆಗೆದ ಪದರವನ್ನು ಹಾಕಿಕೊಳ್ಳಿ. ಆಮೇಲೆ ಬುತ್ತಿ ಬಿಚ್ಚಿ.

ಬ್ಯಾಗಿನಲ್ಲಿ ಇರಬೇಕಾದವುಗಳಲ್ಲಿ ಮೊದಲನೆಯದು ಹೆಡ್‌ಲ್ಯಾಂಪ್, ಅಂದರೆ ತಲೆಗೆ ಕಟ್ಟಿಕೊಳ್ಳುವ ದೀಪ. ತಲೆಗೊಂದು. ಇಬ್ಬರಿಗೆ ಒಂದು ಅಂದರೆ ಹಿಂದಿನವರು ಮುಂದಿನವರ ನೆರಳಿನಲ್ಲಿ ಹೆಜ್ಜೆ ಇಡಬೇಕಾಗುತ್ತದೆ. ಫೋನಿನ ಬೆಳಕು ಇದಕ್ಕೆ ಬದಲಿಯಲ್ಲ. ಅದು ಒಂದು ಕೈಯನ್ನು ಹಿಡಿದಿಡುತ್ತದೆ, ಸಹಾಯಕ್ಕೆ ಕರೆಯಲು ಬೇಕಾದ ಬ್ಯಾಟರಿಯನ್ನೂ ತಿನ್ನುತ್ತದೆ. ಚಳಿಯಲ್ಲಿ ಫೋನಿನ ಬ್ಯಾಟರಿ ಹೇಗೂ ಬೇಗ ಕುಸಿಯುತ್ತದೆ. ಫೋನನ್ನು ಒಳಜೇಬಿನಲ್ಲಿ, ಮೈಗೆ ತಾಗುವ ಹಾಗೆ ಇಡಿ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಿ, ಕಾಗದದ್ದೊಂದು ಯಾರ ಹತ್ತಿರವಾದರೂ ಇರಲಿ.

ಆಮೇಲೆ ಕೈಗವಸು, ಉಣ್ಣೆ ಟೊಪ್ಪಿ, ಒಣ ಕಾಲುಚೀಲ ಒಂದು ಜೊತೆ, ಗಾಯಕ್ಕೆ ಕಟ್ಟುವ ಬಟ್ಟೆ, ಸೀಟಿ. ಸೀಟಿ ಊದುವ ಕ್ರಮ ಎಲ್ಲರಿಗೂ ಗೊತ್ತಿರಲಿ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರರಂತೆ ಉತ್ತರ ಕೊಡುತ್ತಾರೆ. ಉತ್ತರ ಅಮೆರಿಕದಲ್ಲಿ ಮೂರು ಸಲ ಊದುವುದೇ ಸಹಾಯದ ಕರೆ. ರಾತ್ರಿಯಾದರೆ ಹೆಡ್‌ಲ್ಯಾಂಪಿನಿಂದಲೂ ಹೀಗೇ ಮಾಡಬಹುದು.

ಫ್ಲಾಸ್ಕಿನಲ್ಲಿ ಬಿಸಿಯಾಗಿ ಏನಾದರೂ, ಸಿಹಿಯಾಗಿದ್ದರೆ ಇನ್ನೂ ಒಳ್ಳೆಯದು. ತಿನ್ನುವುದಕ್ಕೆ ಕೈಗವಸು ತೆಗೆಯದೆ ಬಾಯಿಗೆ ಹಾಕಿಕೊಳ್ಳುವಂಥದ್ದು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಹಾಗಾಗಿ ನಿಂತಾಗಲೆಲ್ಲ ಎರಡು ಗುಟುಕು ನೀರು ಕುಡಿಯಿರಿ. ಕೂರಲು ಫೋಮಿನ ಒಂದು ಚೂರನ್ನು ಪ್ರತಿಯೊಬ್ಬರೂ ತರಲಿ. ತೂಕವೇ ಇಲ್ಲ, ಆದರೆ ತಣ್ಣನೆ ಬಂಡೆಯ ಮೇಲೆ ಅರ್ಧ ಗಂಟೆ ಹಾಯಾಗಿ ಕೂರಲು ಆಗುವುದು ಇದು ಇದ್ದರೆ ಮಾತ್ರ.

ಟೊಪ್ಪಿಗೆ ಮುಂಚಾಚು ಇರಲಿ, ಇಲ್ಲವೇ ಕಪ್ಪು ಕನ್ನಡಕ ಇರಲಿ. ಈ ಕಾಲದಲ್ಲಿ ಸೂರ್ಯ ಮಧ್ಯಾಹ್ನವೂ ತಗ್ಗಿನಲ್ಲೇ ಇರುತ್ತಾನೆ. ಮೇಲಿನಿಂದ ಒಂದು ಬೆಳಕು, ನೀರಿನಿಂದ ಚಿಮ್ಮುವ ಇನ್ನೊಂದು, ಎರಡೂ ನೇರ ಕಣ್ಣಿಗೇ ಬರುತ್ತವೆ.

ಜೊತೆಯಾಗಿ ನಡೆಯುವುದು

ನಡಿಗೆಯ ವೇಗ ಎಲ್ಲರಿಗಿಂತ ನಿಧಾನದವರ ವೇಗ. ಇದನ್ನು ಒಪ್ಪುವುದು ಸುಲಭ, ಪಾಲಿಸುವುದು ಕಷ್ಟ. ಕಾಲು ಚುರುಕಾಗಿರುವವರು ಬೇಕೆಂದು ಮುಂದೆ ಹೋಗುವುದಿಲ್ಲ, ಮಾತಾಡುತ್ತಾ ಹೋಗಿಬಿಟ್ಟಿರುತ್ತಾರೆ. ಆದ್ದರಿಂದ ಏರಿನಲ್ಲಿ ನಿಧಾನದವರನ್ನು ಎರಡನೆಯವರಾಗಿ ನಡೆಸಿ. ಮುಂದೆ ದಾರಿ ಗೊತ್ತಿರುವವರು, ಅವರ ಹಿಂದೆಯೇ ಇವರು. ತೀರಾ ಮೊದಲಿಗೆ ನಿಲ್ಲಿಸಿದರೆ ಎಲ್ಲರೂ ಹಿಂದಿನಿಂದ ತಳ್ಳುತ್ತಿದ್ದಾರೆ ಅನ್ನಿಸಬಹುದು. ಕೊನೆಗೆ ಬಿಟ್ಟರೆ ಒಂಟಿಯಾಗುತ್ತಾರೆ. ಎಲ್ಲರಿಗಿಂತ ಹಿಂದೆ ಗಟ್ಟಿ ಕಾಲಿನವರೊಬ್ಬರು ಇರಲಿ, ಅವರಿಗಿಂತ ಹಿಂದೆ ಯಾರೂ ಉಳಿಯಬಾರದು.

ವೇಗ ಸರಿಯಿದೆಯೇ ಎಂದು ತಿಳಿಯಲು ಮಾತಾಡಿಸಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಸರಿಯಿದೆ. 'ಹೂಂ', 'ಹೌದು' ಎಂದು ತುಂಡು ತುಂಡಾಗಿ ಬಂದರೆ ವೇಗ ಜಾಸ್ತಿಯಾಗಿದೆ.

ದಾರಿ ಕವಲೊಡೆಯುವಲ್ಲೆಲ್ಲ ನಿಂತು ಎಲ್ಲರೂ ಸೇರಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಮುಂದಿನವರು ಬಂದು ಕೂತು, ನೀರು ಕುಡಿದು, ಉಸಿರು ಹಗುರ ಮಾಡಿಕೊಂಡು ಕಾಯುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ಬಂದ ಕೂಡಲೇ 'ಸರಿ, ಹೊರಡೋಣ' ಎಂದು ಎದ್ದುಬಿಡುತ್ತಾರೆ. ಅಂದರೆ ವಿಶ್ರಾಂತಿ ಜಾಸ್ತಿ ಬೇಕಿದ್ದವರಿಗೆ ಇಡೀ ದಿನ ವಿಶ್ರಾಂತಿಯೇ ಸಿಗುವುದಿಲ್ಲ. ನಮ್ಮ ಗುಂಪಿನಲ್ಲಿ ಕೊನೆಗೆ ಬಂದವರು ಎದ್ದು ಬ್ಯಾಗ್ ಹೊತ್ತ ಮೇಲೆಯೇ ಉಳಿದವರು ಏಳುವುದು. ಇದನ್ನು ಜಾರಿಗೆ ತಂದ ಮೇಲೆ ನಮ್ಮ ನಡಿಗೆಗಳು ಬದಲಾದವು. ಸಂಜೆಯ ತನಕ ಎಲ್ಲರ ಮುಖದಲ್ಲೂ ನಗು ಉಳಿಯತೊಡಗಿತು.

ಚಳಿ ಹಿಡಿದವರನ್ನು ಗುರುತಿಸುವುದನ್ನೂ ಎಲ್ಲರೂ ಕಲಿತಿರಬೇಕು. ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಅಪಾಯದ ಸ್ಥಿತಿ. ಆದರೆ ಗುರುತುಗಳು ಮುಂಚೆಯೇ ಕಾಣುತ್ತವೆ. ಮಾತು ತೊದಲುತ್ತದೆ, ಬೆರಳಿಗೆ ಜಿಪ್ ಸಿಗುವುದಿಲ್ಲ, ಸಪಾಟು ಜಾಗದಲ್ಲೂ ಎಡವುತ್ತಾರೆ, ಸುಮ್ಮನಿದ್ದವರು ಸಿಡುಕುತ್ತಾರೆ, ಸಿಡುಕುವವರು ಸುಮ್ಮನಾಗುತ್ತಾರೆ. ತಮಗೆ ಹೀಗಾಗುತ್ತಿದೆ ಎಂದು ಅವರಿಗೇ ಗೊತ್ತಾಗುವುದಿಲ್ಲ, ಪಕ್ಕದವರೇ ಗಮನಿಸಬೇಕು. ಕಂಡರೆ ಗಾಳಿ ಮರೆಯ ಜಾಗಕ್ಕೆ ಕರೆದೊಯ್ದು, ಒದ್ದೆ ಬಟ್ಟೆ ತೆಗೆಸಿ ಒಣಗಿದ್ದು ಹಾಕಿ, ನೆಲ ತಾಗದ ಹಾಗೆ ಬ್ಯಾಗುಗಳ ಮೇಲೆ ಕೂರಿಸಿ. ಎಚ್ಚರವಾಗಿದ್ದರೆ ಬಿಸಿಯಾದ ಸಿಹಿ ಪಾನೀಯ ಕುಡಿಸಿ. ಕೈಕಾಲು ತಿಕ್ಕಬೇಡಿ, ಮದ್ಯ ಕೊಡಲೇಬೇಡಿ. ಸುಧಾರಿಸದಿದ್ದರೆ ಆ ಪ್ರದೇಶದ ತುರ್ತು ಸಂಖ್ಯೆಗೆ ಕರೆ ಮಾಡಿ. ಆ ಸಂಖ್ಯೆ ಹೊರಡುವ ಮುಂಚೆಯೇ ಎಲ್ಲರ ಫೋನಿನಲ್ಲಿ ಇರಲಿ.

ಎಲೆಯ ಮೇಲೆ ಇಳಿಯುವಾಗ

ಹಗಲು ಕುಗ್ಗಿ ಚಳಿ ಏರಿದಾಗ ಮರ ಎಲೆಯಲ್ಲಿನ ಹಸಿರನ್ನು ಒಡೆದು ಒಳಗೆಳೆದುಕೊಳ್ಳುತ್ತದೆ. ಅಲ್ಲಿಯ ತನಕ ಹಸಿರಿನ ಹಿಂದೆ ಅಡಗಿದ್ದ ಹಳದಿ, ಕಿತ್ತಳೆ ಹೊರಗೆ ಕಾಣುತ್ತವೆ. ಕೆಂಪು ಮಾತ್ರ ಆಗಲೇ ಹೊಸದಾಗಿ ಹುಟ್ಟುವ ಬಣ್ಣ. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆದು ಎಲೆ ಕಳಚಿಕೊಳ್ಳುತ್ತದೆ. ಕಾಡಿನ ಹಾದಿಯಲ್ಲಿ ಇದನ್ನು ನಿಂತು ನೋಡಿ, ಗೆಳೆಯರಿಗೂ ತೋರಿಸಿ. ಆಮೇಲೆ ಅದೇ ಎಲೆಯ ಮೇಲೆ ಕಾಲಿಡುವಾಗ ಹುಷಾರಾಗಿರಿ.

ಒದ್ದೆ ಎಲೆಯ ಪದರ ಎಣ್ಣೆ ಸುರಿದ ನೆಲದ ಹಾಗೆ ಜಾರುತ್ತದೆ. ಅದರ ಕೆಳಗೆ ಬೇರು, ಕಲ್ಲು, ಗುಂಡಿ ಏನಿದೆಯೋ ಕಾಣುವುದಿಲ್ಲ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಪಾದ ಪೂರ್ತಿ ಊರಲಿ. ಅಡ್ಡ ಬಿದ್ದ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ಕೈಗೋಲು ಇದ್ದರೆ ಮುಂದೆ ಚುಚ್ಚಿ ನೋಡಿ ಆಮೇಲೆ ಹೆಜ್ಜೆ ಇಡಿ. ಇಬ್ಬರ ನಡುವೆ ನಾಲ್ಕು ಹೆಜ್ಜೆ ದೂರ ಇರಲಿ, ಒಬ್ಬರು ಜಾರಿದರೆ ಮುಂದಿನವರನ್ನೂ ಬೀಳಿಸಬಾರದು.

ಕಾಲುದಾರಿಯೇ ಎಲೆಯಡಿ ಮುಚ್ಚಿಹೋಗಿದ್ದರೆ ಕಣ್ಣನ್ನು ನೆಲದಿಂದ ಮೇಲೆತ್ತಿ. ಮರಗಳ ನಡುವೆ ಒಂದೇ ಅಗಲದ ಓಣಿ, ಹಿಂದೆ ಯಾರೋ ಗರಗಸದಿಂದ ಕೊಯ್ದು ಸರಿಸಿದ ದಿಮ್ಮಿಯ ತುದಿ, ಕಾಂಡದ ಮೇಲಿನ ಬಣ್ಣದ ಗುರುತು, ಇವು ದಾರಿ ತೋರಿಸುತ್ತವೆ. ಒಂದು ಗುರುತು ಕಂಡ ಮೇಲೆ ಇನ್ನೊಂದು ಕಾಣದೆ ತುಂಬ ದೂರ ಬಂದಿದ್ದರೆ ನಿಲ್ಲಿ, ಒಬ್ಬರು ಹಿಂದಿನ ಗುರುತಿನ ಹತ್ತಿರವೇ ಇರಲಿ, ಉಳಿದವರು ಅವರು ಕಾಣುವಷ್ಟು ದೂರದಲ್ಲೇ ಹುಡುಕಲಿ.

ನೀರಿನ ಹತ್ತಿರ

ಇಳಿದ ಮೇಲೆ ಕೆರೆ ದಂಡೆಯಲ್ಲಿ ಕಾಲು ಚಾಚಿ ಕೂರುವ ಹೊತ್ತು ಇಡೀ ದಿನದಲ್ಲಿ ನನಗೆ ಪ್ರೀತಿಯದು. ನೀರು ಕೆಲವೊಮ್ಮೆ ಕದಡಿದಂತೆ ಕಾಣಬಹುದು, ಸ್ವಲ್ಪ ವಾಸನೆಯೂ ಇರಬಹುದು. ಕೊಳಕಾಗಿದೆ ಎಂದುಕೊಳ್ಳಬೇಡಿ. ಸಿಹಿನೀರು ಎಲ್ಲಕ್ಕಿಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಶರತ್ಕಾಲದಲ್ಲಿ ಮೇಲಿನ ನೀರು ತಣಿದು ಭಾರವಾಗಿ ಕೆಳಗಿಳಿಯುತ್ತದೆ, ಗಾಳಿ ಅದಕ್ಕೆ ಕೈಜೋಡಿಸುತ್ತದೆ, ಬೇಸಿಗೆಯೆಲ್ಲ ತಳದಲ್ಲಿ ಬೇರೆಯಾಗಿ ನಿಂತಿದ್ದ ನೀರು ಮೇಲಕ್ಕೆ ಬರುತ್ತದೆ. ಆಳದ ಕೆರೆಗಳು ಹೀಗೆ ಪೂರ್ತಿ ಮಗುಚಿಕೊಳ್ಳುತ್ತವೆ. ಆಮ್ಲಜನಕ ತಳಕ್ಕೆ ಇಳಿಯುವುದು, ತಳದ ಸಾರ ಮೇಲೆ ಬರುವುದು ಈ ವಾರಗಳಲ್ಲೇ.

ಈಜುವ ಆಸೆ ಯಾರಿಗಾದರೂ ಬಂದರೆ ತಡೆಯಿರಿ. ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ತಣ್ಣನೆ ನೀರಿಗೆ ಧುಮುಕಿದ ಮೊದಲ ನಿಮಿಷದಲ್ಲಿ ಉಸಿರು ನಮ್ಮ ಹಿಡಿತದಲ್ಲಿ ಇರುವುದಿಲ್ಲ, ಬಾಯಿ ತಾನಾಗಿ ತೆರೆದು ಎಳೆದುಕೊಳ್ಳುತ್ತದೆ. ಆಗ ಮುಖ ನೀರೊಳಗಿದ್ದರೆ ಒಳ್ಳೆ ಈಜುಗಾರರಿಗೂ ಕಷ್ಟ. ದೋಣಿ ನಿಲ್ಲಿಸಲು ನೀರಿನ ಮೇಲೆ ಹಾಸಿದ ಮರದ ಹಲಗೆಗಳು ಪಾಚಿ ಮತ್ತು ಹಿಮದಿಂದ ಜಾರುತ್ತವೆ, ಅಂಚಿಗೆ ಹೋಗಿ ಫೋಟೋ ತೆಗೆಯುವುದು ಬೇಡ. ದಂಡೆಯಲ್ಲಿ ತೆಳುವಾಗಿ ಮಂಜುಗಡ್ಡೆ ಕಟ್ಟಿದ್ದರೆ ಅದರ ಮೇಲೆ ಕಾಲಿಡಲೇಬೇಡಿ. ಈ ಕಾಲದ ಮಂಜುಗಡ್ಡೆ ಯಾರ ತೂಕವನ್ನೂ ತಡೆಯುವುದಿಲ್ಲ.

ಬೆಳಕು ಮಸುಕಾಗುವ ಮುಂಚೆಯೇ ಹೆಡ್‌ಲ್ಯಾಂಪನ್ನು ತಲೆಗೆ ಕಟ್ಟಿಕೊಳ್ಳಿ. ಹಚ್ಚುವುದು ಆಮೇಲೆ. ಕತ್ತಲಾದ ಮೇಲೆ ಬ್ಯಾಗಿನ ತಳದಲ್ಲಿ ಹುಡುಕುವುದು ತಪ್ಪುತ್ತದೆ.

ಹೊರಟ ಜಾಗಕ್ಕೆ ಬಂದ ಮೇಲೆ ತಲೆ ಎಣಿಸಿ. ನೀವು ಎಲ್ಲಿಗೆ ಹೋಗಿದ್ದೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಬೆಳಗ್ಗೆ ಯಾರಿಗೆ ಹೇಳಿ ಬಂದಿದ್ದಿರೋ ಅವರಿಗೆ ಒಂದು ಸಂದೇಶ ಕಳಿಸಿ. ಹುಲ್ಲು, ಪೊದೆಯಲ್ಲಿ ನಡೆದಿದ್ದರೆ ಮನೆಗೆ ಹೋಗಿ ಮೈಮೇಲೆ ರಕ್ತ ಹೀರುವ ಉಣ್ಣಿ ಹುಳು ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ. ಬೂಟಿನೊಳಗೆ ಹಳೆಯ ಪೇಪರ್ ತುರುಕಿ ಗಾಳಿಯಾಡುವಲ್ಲಿ ಇಡಿ, ಹೀಟರಿನ ಪಕ್ಕ ಇಟ್ಟರೆ ಅಂಟು ಬಿಟ್ಟುಕೊಳ್ಳುತ್ತದೆ.

ಮರುದಿನ ಒಬ್ಬೊಬ್ಬರನ್ನೂ ವಿಚಾರಿಸಿ: ಮಂಡಿ ಹೇಗಿದೆ, ಏರು ಜಾಸ್ತಿಯಾಯಿತೇ, ಎಲ್ಲಿ ಇನ್ನಷ್ಟು ಹೊತ್ತು ಕೂರಬೇಕು ಅನ್ನಿಸಿತು. ಗುಂಪಿನ ಎದುರು ಹೇಳದ್ದನ್ನು ಒಬ್ಬೊಬ್ಬರೇ ಇರುವಾಗ ಹೇಳುತ್ತಾರೆ. ಲೆಕ್ಕ ಹಾಕಿದ್ದ ಸಮಯ ಎಷ್ಟು, ನಿಜವಾಗಿ ಹಿಡಿದದ್ದು ಎಷ್ಟು ಎಂದು ನಕ್ಷೆಯ ಹಿಂದೆ ಬರೆದಿಡಿ. ನೇಸ್ಮಿತ್ ಲೆಕ್ಕಕ್ಕೆ ನಾನು ಅರ್ಧ ಸೇರಿಸುವುದು ನನ್ನ ಗೆಳೆಯರಿಗೆ ಹೊಂದುವ ಅಳತೆ. ನಿಮ್ಮವರಿಗೆ ಮುಕ್ಕಾಲು ಬೇಕಾಗಬಹುದು, ಕಾಲು ಸಾಕಾಗಬಹುದು. ಎರಡು ನಡಿಗೆ ಬರೆದಿಟ್ಟರೆ ನಿಮ್ಮ ಗುಂಪಿನ ಅಳತೆ ನಿಮಗೆ ಸಿಗುತ್ತದೆ.